ಕೋಟೆಯ ಕಾವಲುಗಾರ

ನನ್ನ ಹೈಸ್ಕೂಲು ಮಕ್ಕಳಿಗೆ ಯುದ್ಧದ ಕಾದಂಬರಿ ಪಾಠ ಮಾಡಲೆಂದು ಇವತ್ತು ಗ್ರಂಥಾಲಯದ ಹಳೇ ಪ್ರತಿ ತೆರೆದಾಗ, ಅದರ ಮುಗ್ಗಲು ವಾಸನೆಗೆ ನಾನು ಓದಿದ ತಾಳ್ಯದ ಶಾಲೆಯ ಒಂದು ಮಧ್ಯಾಹ್ನ ನೆನಪಾಯಿತು.

ಆಗ ನಾನು ಒಂಬತ್ತನೇ ತರಗತಿ. ಕನ್ನಡ ಮೇಡಂ ಕೋಟೆಯ ಮುತ್ತಿಗೆಯ ಕಾದಂಬರಿಯೊಂದನ್ನು ದಿನಕ್ಕಿಷ್ಟು ಓದುತ್ತಿದ್ದರು. ಅಂದಿನ ಭಾಗದಲ್ಲಿ ಕಾವಲುಗಾರನೊಬ್ಬ ಕೋಟೆಯಾಚೆ ಹೋದವನು ಮರಳಿರಲಿಲ್ಲ. ಅವನ ತಂಗಿ ಬಾಗಿಲಲ್ಲೇ ಕಾಯುತ್ತಿದ್ದಳು. ನನ್ನ ಪಕ್ಕದಲ್ಲಿದ್ದ ರತ್ನಳ ಕಾಲು ಬೆಂಚಿನಡಿ ಅಲುಗುತ್ತಲೇ ಇತ್ತು. ಅವಳ ಅಣ್ಣ ಗಡಿಯಲ್ಲಿ ಸೈನಿಕ. ಹದಿನೈದು ದಿನದಿಂದ ಅವನ ಫೋನು ಬಂದಿರಲಿಲ್ಲ.

ಅವಳು ತಟ್ಟನೆ ಎದ್ದು ನಿಂತಳು. "ಮೇಡಂ, ಅವ್ನು ವಾಪಸ್ ಬರ್ತಾನಾ? ಅಷ್ಟು ಹೇಳಿಬಿಡ್ರಿ."

ಮೇಡಂ ಅವಳನ್ನೇ ನೋಡಿದರು. "ನಾನೂ ಇಲ್ಲಿಗಂಟ ಮಾತ್ರ ಓದೀನಿ ಕಣವ್ವ. ಕುಂತ್ಕ," ಎಂದು ಪುಸ್ತಕ ಮುಚ್ಚಿ, ಬೀರುವಿನಲ್ಲಿಡಲು ನನ್ನ ಕೈಗೆ ಕೊಟ್ಟರು.

ಸ್ಟಾಫ್ ರೂಮಿನಲ್ಲಿ ಯಾರೂ ಇರಲಿಲ್ಲ. ನಿಂತಲ್ಲೇ ಪುಟ ತಿರುವಿದೆ. ಕಡೆಯ ಪುಟದವರೆಗೂ ಅಂಚಿನಲ್ಲಿ ಮೇಡಂ ಬರೆದ ಪೆನ್ಸಿಲ್ ಟಿಪ್ಪಣಿಗಳಿದ್ದವು. ಕಥೆಯ ಕೊನೆಯಲ್ಲಿ ಕಾವಲುಗಾರನ ಹೆಣವನ್ನು ಕಂಬಳಿಯಲ್ಲಿ ಸುತ್ತಿ ತಂದಿದ್ದರು.

ತರಗತಿಗೆ ಮರಳಿದಾಗ ರತ್ನ ನನ್ನ ಕೈ ಹಿಡಿದಳು.

"ಲೇ, ನೋಡಿದ್ಯಲ್ಲ? ಮುಂದೆ ಏನೈತೆ?"

"ಮುಂದಿನ ಹಾಳೆ ಹರಿದೋಗೈತೆ ಕಣೇ," ಎಂದೆ.

ನಾಲ್ಕು ದಿನ ಮೇಡಂ ಬರೀ ವ್ಯಾಕರಣ ಮಾಡಿದರು. ಶನಿವಾರ ರತ್ನಳ ಅಣ್ಣನ ಫೋನು ಬಂತು. ಸೋಮವಾರ ಮೇಡಂ ಪುಸ್ತಕ ತಂದು, ನಿಲ್ಲಿಸಿದ್ದಲ್ಲಿಂದ ಓದಿದರು. ರತ್ನ ನನ್ನ ತೋಳಿಗೆ ಮುಖವೊತ್ತಿ, ಆ ಕಾವಲುಗಾರನಿಗಾಗಿ ಬಿಕ್ಕಿ ಬಿಕ್ಕಿ ಅತ್ತಳು.