ವಿಷಯ: ವಾಸನೆ

"ಮೂವತ್ತು ವರ್ಷ ಈ ಊರಲ್ಲಿ ಯಾರಿಗೂ ಏನೂ ಆಗಲೇ ಇಲ್ವಾ?"

ಸಂಶೋಧಕಿ ಕೇಳಿದ್ದು ಯಾರನ್ನೂ ಅಲ್ಲ. ಎದುರಿಗಿದ್ದದ್ದು ದಾಖಲೆ ಕೋಣೆಯ ಕಂಪ್ಯೂಟರ್ ಪರದೆ. ಕಡತಗಳ ವಿಷಯಸೂಚಿಯಲ್ಲಿ 'ಜನಾಂಗೀಯ ತಾರತಮ್ಯ' ಎಂದು ಹುಡುಕಿದ್ದಳು: ಸೊನ್ನೆ. 'ವರ್ಣಭೇದ' ಎಂದು ಹುಡುಕಿದ್ದಳು: ಸೊನ್ನೆ. ಮೈಬಣ್ಣದ ಕಾರಣಕ್ಕೆ ಬಾಡಿಗೆ ಮನೆ ಸಿಗದೆ ಬಂದರಿನ ಶೆಡ್ಡುಗಳಲ್ಲಿ ಸಂಸಾರ ಹೂಡಿದವರ ಪರವಾಗಿ ನಾಳೆ ವಿಚಾರಣಾ ಸಮಿತಿಯ ಮುಂದೆ ಕಾಗದ ಇಡಬೇಕು. ಇಡದಿದ್ದರೆ ಅವರ ಮಾತೆಲ್ಲ ಕಟ್ಟುಕಥೆ. ಅವಳ ಅಪ್ಪ ಅಂಥದ್ದೊಂದು ಶೆಡ್ಡಿನಲ್ಲಿ ಹದಿನಾಲ್ಕು ವರ್ಷ ಇದ್ದ.

ಪಕ್ಕದ ಮೇಜಿನಿಂದ ಮುದುಕಿಯೊಬ್ಬಳು ತಲೆಯೆತ್ತಿದಳು. ಯಾವ ಕಡತ ಯಾವ ವಿಷಯದ್ದು ಎಂದು ಸೂಚಿ ಕಾರ್ಡು ಬರೆದೇ ಕೂದಲು ನೆರೆತವಳು. ಕಚೇರಿಗೆಲ್ಲ ಅವಳು ಪಟ್ಟಿಯಮ್ಮ.

"ಆ ಹೆಸರಲ್ಲಿ ಯಾರು ಬರೆದಿಡ್ತಾರಮ್ಮ? 'ವಾಸನೆ' ಅಂತ ಹುಡುಕು."

"ವಾಸನೇನಾ? ತಮಾಷೆ ಮಾಡ್ತಿದ್ದೀರಾ?"

"ತಮಾಷೆ ಮಾಡೋ ಸಂಬಳ ನನಗೆ ಯಾರೂ ಕೊಟ್ಟಿಲ್ಲ. ಹುಡುಕು."

ನಲವತ್ತೊಂದು ದೂರುಗಳು ಬಂದವು, ಎಲ್ಲ ಒಂದೇ ಕಡತದಲ್ಲಿ. ಸಂಶೋಧಕಿ ಕೋರಿಕೆ ಚೀಟಿ ತುಂಬಿದಳು, ಕಡತ ಬಂತು. ಹನ್ನೊಂದನೆಯ ಕಾಗದಕ್ಕೆ ಅಪ್ಪನ ಸಹಿಯಿತ್ತು. 'ಕೋಣೆ ಖಾಲಿಯಿದೆ ಎಂದು ಫೋನಿನಲ್ಲಿ ಹೇಳಿದರು. ಬಾಗಿಲು ತೆರೆದು ನನ್ನ ಮುಖ ನೋಡಿದ ಮೇಲೆ, ಇಲ್ಲ ಎಂದರು.' ಅದಕ್ಕೆ ಮನೆಯೊಡೆಯನ ಉತ್ತರವನ್ನೂ ಪಿನ್ನು ಹಾಕಿ ಸೇರಿಸಿದ್ದರು: 'ಈ ಜನರ ವಾಸನೆ ನೆರೆಯವರಿಗೆ ಆಗಿಬರುವುದಿಲ್ಲ.'

"ದೂರು ಕೊಟ್ಟಿದ್ದು ನಮ್ಮಪ್ಪ. ವಿಷಯದ ಜಾಗದಲ್ಲಿ ಮನೆಯೊಡೆಯನ ಮಾತು ಬರೆದವರು ಯಾರು?"

ಪಟ್ಟಿಯಮ್ಮ ಡ್ರಾಯರಿನಿಂದ ಆ ಕಡತದ ಹಳದಿಗಟ್ಟಿದ ಕಾರ್ಡು ತೆಗೆದು ಮೇಜಿನ ಮೇಲಿಟ್ಟಳು. 'ವಿಷಯ: ವಾಸನೆ.' ದುಂಡು ಅಕ್ಷರ, ಒಂದೂ ಚಿತ್ತಿಲ್ಲ.

"ನಾನೇ. ಹೀಗೆ ಬರಿ ಅಂತ ಯಾರೂ ಹೇಳಿರಲಿಲ್ಲ. ಆವತ್ತು ನನಗದು ಸರೀನೇ ಅನ್ನಿಸ್ತು."

ಅಷ್ಟರಲ್ಲಿ ದಾಖಲೆ ಕೋಣೆಯ ಮುಖ್ಯಸ್ಥ ಬಂದು, ಬಗ್ಗಿ ಕಾರ್ಡು ಓದಿದ. ಒಳಗೆ ಹೋಗಿ ಒಂದು ಖಾಲಿ ಕಾರ್ಡು ಹಿಡಿದುಕೊಂಡು ಬಂದ.

"ಪಟ್ಟಿಯಮ್ಮ, ಇದರಲ್ಲಿ 'ಜನಾಂಗೀಯ ತಾರತಮ್ಯ' ಅಂತ ಬರೆದುಬಿಡಿ. ಆ ಹಳೇದನ್ನ ನನಗೆ ಕೊಡಿ. ಸಮಿತಿಯವರು ಬಂದರೆ ಮೊದಲಿಂದಲೂ ಹೀಗೇ ಇತ್ತು ಅಂದ್ಕೊಳ್ತಾರೆ. ಅಕ್ಷರ ನಿಮ್ಮದೇ ಅಲ್ವಾ, ಯಾರಿಗೂ ಗೊತ್ತಾಗಲ್ಲ. ರಿಟೈರ್ ಆಗೋ ಹೊತ್ತಲ್ಲಿ ನಿಮ್ಮ ಮಾನವೂ ಉಳಿಯುತ್ತೆ."

ಪಟ್ಟಿಯಮ್ಮ ಕನ್ನಡಕ ಸರಿಮಾಡಿಕೊಂಡು ಸಂಶೋಧಕಿಯ ಕಡೆ ತಿರುಗಿದಳು.

"ಇನ್ನೊಂದು ಚೀಟಿ ತುಂಬು ಮಗಳೇ. ಈ ಕಾರ್ಡಿನ ನಕಲು ಬೇಕು ಅಂತ. ನಾಳೆ ಸಮಿತಿ ಮುಂದೆ ಇದನ್ನೂ ಇಡು."

"ಕೇಳಿಸ್ತೇನ್ರೀ? ಹೊಸದು ಬರೀರಿ ಅಂದೆ."

"ಬರೆಯೋದಿಲ್ಲ ಸಾರ್."