ಚಿಲಕ ಹಾಕಿದ ದೀಕ್ಷಾಸ್ನಾನ

ಬಚ್ಚಲುಮನೆಯ ಚಿಲಕ ಹಾಕಿಕೊಂಡಾಗ ಅಜ್ಜಿಗೆ ತಾನೊಬ್ಬ ಕಳ್ಳಿ ಎಂಬುದರಲ್ಲಿ ಅನುಮಾನ ಉಳಿಯಲಿಲ್ಲ. ಮಗ, ಸೊಸೆ ತರಕಾರಿಗೆ ಹೋಗಿದ್ದರು. ಆರಿಸುವುದರಲ್ಲಿ ಸೊಸೆ ನಿಧಾನ, ಚೌಕಾಸಿಯಲ್ಲಿ ಮಗ ಅವಳಿಗಿಂತ ನಿಧಾನ. ಸಮಯ ಬೇಕಾದಷ್ಟಿತ್ತು. ಆದರೂ ಚಿಲಕ ಸರಿಯಾಗಿ ಬಿದ್ದಿದೆಯೇ ಎಂದು ಮತ್ತೊಮ್ಮೆ ಎಳೆದು ನೋಡಿದಳು.

ಪ್ಲಾಸ್ಟಿಕ್ ತೊಟ್ಟಿಯಲ್ಲಿ ಕೂತ ಮೊಮ್ಮಗಳು ಪುಟ್ಟಿ, ತನ್ನ ಕಾಲ್ಬೆರಳನ್ನು ಬಾಯಿಗೆ ಹಾಕಿಕೊಳ್ಳುವ ಘನಕಾರ್ಯದಲ್ಲಿ ಮುಳುಗಿದ್ದಳು.

"ಸುಮ್ನಿರು ಕಂದಾ, ಒಂದೇ ನಿಮಿಷ. ನಿಮ್ಮಪ್ಪನಿಗೆ ಹೇಳಬೇಡ," ಎಂದಳು ಅಜ್ಜಿ, ಮಾತೇ ಬಾರದ ಮಗುವಿಗೆ.

ಮಗನಿಗೆ ರಕ್ತ ಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ. ಸೂಕ್ಷ್ಮದರ್ಶಕಕ್ಕೆ ಕಾಣದ್ದು ಅವನ ಪಾಲಿಗೆ ಇಲ್ಲ. ಸೊಸೆ ವಕೀಲೆ. ಸಾಕ್ಷಿಯಿಲ್ಲದ ಮಾತು ಅವಳ ಕಿವಿಗೇ ಬೀಳುವುದಿಲ್ಲ. ಮದುವೆಗೆ ಮೊದಲೇ ಇಬ್ಬರೂ, ಒಬ್ಬರೆದುರು ಒಬ್ಬರು ಎದೆಯುಬ್ಬಿಸಿ, ತಮಗೆ ದೇವರು ದಿಂಡರ ಗೊಡವೆಯೇ ಇಲ್ಲವೆಂದು ಸಾರಿಕೊಂಡವರು. ಪುಟ್ಟಿ ಹುಟ್ಟಿದಾಗ ಒಟ್ಟಿಗೇ ತೀರ್ಪು ಕೊಟ್ಟರು: "ಅವಳು ದೊಡ್ಡೋಳಾಗಲಿ. ಯಾವ ನಂಬಿಕೆ ಬೇಕೋ ಅವಳೇ ಆರಿಸ್ಕೊಳ್ಳಲಿ."

"ಲಸಿಕೆ ಹಾಕಿಸೋವಾಗ ಅವಳನ್ನ ಕೇಳಿದ್ರಾ?" ಎಂದಿದ್ದಳು ಅಜ್ಜಿ.

ಅದಾದ ಮೇಲೆ, ಮಗುವಿಗೆ ಸ್ನಾನ ಮಾಡಿಸುವಾಗ ಮಗ ಒಳಗಿನಿಂದ ಚಿಲಕ ಹಾಕಿ ನಲ್ಲಿಯನ್ನು ಜೋರಾಗಿ ಬಿಡತೊಡಗಿದ. ತಾನು ಹೊರಗೆ ನಿಂತು ಹೇಳುವ ಪ್ರಾರ್ಥನೆ ಮಗುವಿಗೆ ಕೇಳಿಸದಿರಲಿ ಎಂದೇ ಅಜ್ಜಿ ತಿಳಿದಳು. ಸೊಸೆಯೂ ಕಡಿಮೆಯವಳಲ್ಲ. ಮಗುವನ್ನು ಮಲಗಿಸಲು ಏನೋ ಗುನುಗುತ್ತಿರುವಾಗ ಅಜ್ಜಿಯ ನೆರಳು ಬಿದ್ದರೆ ಸಾಕು, ಬಾಯಿ ಮುಚ್ಚಿಬಿಡುತ್ತಿದ್ದಳು.

ಅಜ್ಜಿಯ ದುಃಖ ಸಣ್ಣದಲ್ಲ. ಅವಳ ತಾಯಿ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಶಿಲುಬೆಯ ಗುರುತು ಹಾಕಲು ಕಲಿಸಿದ್ದಳು. ಆ ತಾಯಿಗೆ ಅವಳ ತಾಯಿ. ಅಷ್ಟು ಹಿಂದಿನಿಂದ ಕೈಯಿಂದ ಕೈಗೆ ಬಂದದ್ದು ತನ್ನ ಕೈಯಲ್ಲೇ ನಿಂತುಹೋಗುತ್ತದಲ್ಲ ಎಂಬುದೇ ಅವಳ ಕೊರಗು.

ಮಗು ಆಸ್ಪತ್ರೆಯಿಂದ ಮನೆಗೆ ಬಂದ ವಾರದಲ್ಲೇ ಅವಳು ಚರ್ಚಿನ ಫಾದರ್ ಅವರನ್ನು ಕರೆಸಿದ್ದಳು. ನಾಲ್ಕು ಮಾತು ಗದರಿಸಲಿ ಎಂಬ ಆಸೆ. ಅವರು ಮಗುವನ್ನು ಮಡಿಲಿಗೆ ತೆಗೆದುಕೊಂಡು, ಕುಡಿಯಲು ಒಂದು ಲೋಟ ನೀರು ಕೇಳಿದರು. ನೀರು ಕೊಟ್ಟು ಅಜ್ಜಿ ಚಹಾ ಮಾಡಲು ಹೋದದ್ದೇ ತಡ, ಮಗ, ಸೊಸೆ ಬೆನ್ನಹಿಂದೆಯೇ ಅಡುಗೆಮನೆಗೆ ಬಂದು, ಇವರನ್ನು ಕರೆಸಿದ್ದು ಯಾಕೆ ಎಂದು ಪಿಸುದನಿಯಲ್ಲೇ ಜಗಳ ತೆಗೆದರು. ಚಹಾ ತಂದು ನೋಡಿದರೆ ಫಾದರ್ ಅಂಗಿಯ ತೋಳಿಗೆಲ್ಲ ನೀರು ಚೆಲ್ಲಿಕೊಂಡು ನಗುತ್ತ ಕೂತಿದ್ದರು.

"ಅವಸರ ಏನಿಲ್ಲಮ್ಮ. ಮಕ್ಕಳಿಗೆ ಒತ್ತಾಯ ಮಾಡ್ಬೇಡಿ," ಎಂದು ಹೇಳಿ ಹೊರಟೇಹೋದರು. ಇಂಥ ಮೆತ್ತನೆಯ ಮನುಷ್ಯನನ್ನು ನಂಬಿ ಕೆಟ್ಟೆನಲ್ಲ ಎಂದು ಅಜ್ಜಿ ಹಲ್ಲು ಕಡಿದಳು.

ಆದರೆ ಅವಳು ಹೆರಿಗೆ ವಾರ್ಡಿನ ನರ್ಸ್ ಆಗಿ ನಿವೃತ್ತಳಾದವಳು. ಉಳಿಯಲಾರದ ಕೂಸುಗಳಿಗೆ, ಫಾದರ್ ಬರುವಷ್ಟು ಹೊತ್ತಿಲ್ಲದಾಗ, ತಾನೇ ದೀಕ್ಷಾಸ್ನಾನ ಕೊಟ್ಟವಳು. ತುರ್ತಿದ್ದರೆ ಯಾರು ಬೇಕಾದರೂ ಕೊಡಬಹುದು. ಪುಟ್ಟಿ ಗುಂಡುಕಲ್ಲಿನಂತಿದ್ದಳು, ನಿಜ. ಆದರೆ ತುರ್ತು ಯಾವುದು ಎಂದು ನಿರ್ಧರಿಸಲು ಅಜ್ಜಿಗೆ ಬೇರೆಯವರ ಅಪ್ಪಣೆ ಬೇಕಿರಲಿಲ್ಲ.

ಚೊಂಬು ಎತ್ತಿದಳು. ಪುಟ್ಟಿ ತಾನಾಗಿಯೇ ತಲೆ ಬಗ್ಗಿಸಿದಳು. ಬೆಚ್ಚಲಿಲ್ಲ, ಅಳಲಿಲ್ಲ. ಎಷ್ಟು ಜಾಣೆ ನನ್ನ ಮೊಮ್ಮಗಳು ಎಂದು ಅಜ್ಜಿಯ ಕಣ್ಣು ತುಂಬಿತು.

"ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ ನಿನಗೆ ದೀಕ್ಷಾಸ್ನಾನ ಕೊಡ್ತೀನಿ..."

ಮೂರನೆಯ ಸಲ ನೀರು ಬಿದ್ದದ್ದೇ ಬಾಗಿಲು ಧಡಧಡ ಬಡಿದ ಸದ್ದಾಯಿತು. ಚೀಲ ಮರೆತವರು ಅರ್ಧ ದಾರಿಯಿಂದ ವಾಪಸು ಬಂದಿದ್ದರು. ಅಜ್ಜಿ ಚಿಲಕ ತೆಗೆದಳು. ಕೈಯಲ್ಲಿ ಚೊಂಬು, ತೊಟ್ಟಿಯಲ್ಲಿ ನೀರಿಳಿಯುವ ಮಗು. ವಾದಿಸಲು ಏನೂ ಉಳಿದಿರಲಿಲ್ಲ.

"ಹೌದು ಕಣೋ, ಕೊಟ್ಟೆ. ಏನ್ ಮಾಡ್ತೀಯೋ ಮಾಡ್ಕೋ."

ಮಗ ತಲೆಯ ಮೇಲೆ ಕೈ ಹೊತ್ತ. "ಅಯ್ಯೋ ಅಮ್ಮಾ! ಎರಡನೇ ಸಲ ಕೊಡಬಾರದು ಅಂತ ನಿನಗೆ ಗೊತ್ತಿಲ್ವಾ?"

ಅಜ್ಜಿ ಚೊಂಬನ್ನು ತೊಟ್ಟಿಯ ಪಕ್ಕಕ್ಕಿಟ್ಟಳು.

"ಎರಡನೇ ಸಲವಾ?" ಎಂದಳು ಅಜ್ಜಿ.

ಮಗ ಹೆಂಡತಿಯ ಕಡೆ ನೋಡದೆ ತೊದಲಿದ. "ಮೂರನೇ ತಿಂಗಳಲ್ಲಿ... ಇಲ್ಲೇ... ಮನಸ್ಸು ತಡೀಲಿಲ್ಲ. ಇವಳು ನಗ್ತಾಳೆ ಅಂತ ಹೇಳಲಿಲ್ಲ."

ಸೊಸೆಯ ಮುಖ ಕೆಂಪಾಯಿತು. ಸಿಟ್ಟಿನಿಂದ ಎಂದುಕೊಂಡು ಅಜ್ಜಿ ಗೋಡೆಗೆ ಸರಿದಳು.

"ರೀ, ಮೂರನೇ ತಿಂಗಳಾ? ನಾನು ಎರಡನೇ ತಿಂಗಳಲ್ಲೇ ಕೊಟ್ಟಿದ್ದೆ! ನೀವು ನಗ್ತೀರಾ ಅಂತ ನಾನೂ ಬಾಯಿ ಬಿಡಲಿಲ್ಲ."

ಆಮೇಲೆ ನಡೆದದ್ದು ಜಗಳವೋ ಸಂಭ್ರಮವೋ ಹೇಳುವುದು ಕಷ್ಟ. ದೇವರನ್ನು ನಂಬದವರಿಬ್ಬರು, ಯಾರು ಕೊಟ್ಟ ದೀಕ್ಷಾಸ್ನಾನ ಸಿಂಧು ಎಂದು ಬಚ್ಚಲಲ್ಲಿ ನಿಂತು ಕಿತ್ತಾಡಿದರು. ಯಾವುದೂ ಬಗೆಹರಿಯದೆ, ಟವೆಲಿನಲ್ಲಿ ಸುತ್ತಿದ ಪುಟ್ಟಿಯ ಸಮೇತ ಮೂವರೂ ಫಾದರ್ ಅವರ ಮನೆಗೆ ನುಗ್ಗಿದರು.

ಫಾದರ್ ಎಲ್ಲವನ್ನೂ ಕೇಳಿದರು. ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು.

"ಮೊದಲು ಕೊಟ್ಟಿದ್ದಷ್ಟೇ ಲೆಕ್ಕಕ್ಕೆ. ಉಳಿದದ್ದೆಲ್ಲ ಬರೀ ನೀರು."

"ಹಾಗಾದ್ರೆ ನಂದೇ!" ಎಂದಳು ಸೊಸೆ, ಮೊಕದ್ದಮೆ ಗೆದ್ದವಳಂತೆ.

ಫಾದರ್ ಅಜ್ಜಿಯ ಮುಖವನ್ನು ನೋಡಲಾರದೆ ಕಿಟಕಿಯ ಕಡೆ ತಿರುಗಿದರು.

"ಅಲ್ಲಮ್ಮ. ಅವತ್ತು ನೀವು ಮೂರೂ ಜನ ಅಡುಗೆಮನೇಲಿ ಜಗಳ ಆಡ್ತಿದ್ರಲ್ಲ, ಆಗ್ಲೇ ಆಗಿಹೋಯ್ತು."