ಎರಡು ಪುಟದ ಅರ್ಜಿ

'ಅಪ್ಪನ ಕಣ್ಣು ಹೋಯಿತೆಂದು ಮನೆಯಲ್ಲಿ ಎಲ್ಲರೂ ಅತ್ತರು. ನಾನೂ ಅತ್ತಿದ್ದು ನಿಜ. ಆದರೆ ನನ್ನ ಅಳು ಬೇರೆ: ಇನ್ನು ಮೇಲೆ ನನ್ನ ಅರ್ಜಿ ಓದುವವರು ಯಾರು?' ಇಷ್ಟನ್ನು ಡೈರಿಯಲ್ಲಿ ಬರೆದು, ಬರೆದದ್ದಕ್ಕೆ ತಾನೇ ನಾಚಿ, ಆ ಸಾಲಿನ ಮೇಲೆ ಅಂಗೈ ಮುಚ್ಚಿಕೊಂಡು ಕೂತಳು ಮಗಳು.

ಅಪ್ಪ ಮೂವತ್ತು ವರ್ಷ ಕೋರ್ಟಿನಲ್ಲಿ ಗುಮಾಸ್ತರಾಗಿದ್ದವರು. ಬರೆದು ಕೊಡದ ಮಾತು ಅವರ ಪಾಲಿಗೆ ಆಡದ ಮಾತು. ಮನೆಯಲ್ಲಿ ಹೊಸ ಚಪ್ಪಲಿ ಬೇಕೆಂದರೂ ಅರ್ಜಿ ಹಾಕಬೇಕು; ಅವರು ಕನ್ನಡಕ ಏರಿಸಿ ಓದಿ, ಅಂಚಿನಲ್ಲಿ 'ಮಂಜೂರು' ಎಂದೋ 'ವಜಾ' ಎಂದೋ ಗೀಚಬೇಕು. ನಾಲ್ಕು ಜನರೆದುರು ನಾಲಗೆ ಹೊರಳದ ಮಗಳಿಗೆ ಈ ಪದ್ಧತಿ ಹೇಳಿ ಮಾಡಿಸಿದಂತಿತ್ತು.

ಈಗಿನ ಅರ್ಜಿ ಚಪ್ಪಲಿಯದಲ್ಲ. ದೂರದ ಊರಿನ ಶಾಲೆಯಿಂದ ಕೆಲಸದ ಕಾಗದ ಬಂದಿತ್ತು. ಎಂಟನೇ ತರಗತಿಗೆ ಪೌರನೀತಿ ಪಾಠ. ಒಪ್ಪಿಗೆ ತಿಳಿಸಲು ನಾಳೆಯೇ ಕೊನೆ. ಅಮ್ಮ ಬೆಳಗ್ಗೆಯೇ ತೀರ್ಮಾನ ಹೇಳಿಯಾಗಿತ್ತು: "ಬಾಯೇ ಬಿಡದವಳು ಪಾಠ ಏನ್ ಮಾಡ್ತೀಯೇ? ಆ ಮಕ್ಕಳು ನಿನ್ ತಲೆ ಮೇಲೆ ಹತ್ತಿ ಕೂರ್ತವೆ."

ಮಗಳು ಸದ್ದಿಲ್ಲದೆ ಅಪ್ಪನ ಕುರ್ಚಿಯ ಬಳಿ ಹೋಗಿ ಮಡಿಸಿದ ಹಾಳೆಯನ್ನು ಅವರ ಕೈಗಿಟ್ಟಳು. ಇಟ್ಟ ಮೇಲೆ ತಪ್ಪಿನ ಅರಿವಾಯಿತು. ಅಪ್ಪ ಹಾಳೆಯನ್ನು ಬೆರಳಿನಿಂದ ಸವರಿ ನಕ್ಕರು.

"ಓಹೋ, ಬಹಳ ದಿನಕ್ಕೆ ಅರ್ಜಿ ಬಂತು! ಲೇ ಇವಳೇ, ಬಾ ಇಲ್ಲಿ, ಇದನ್ನೋದು."

"ಇನ್ಮೇಲೆ ಇದೂ ನನ್ನ ತಲೆಗೇ ಬಂತಾ?" ಒದ್ದೆ ಕೈ ಒರೆಸುತ್ತ ಅಮ್ಮ ಬಂದಳು.

"ಈ ಮನೇಲಿ ಶಾಸಕಾಂಗವೂ ನೀನೇ, ಕಾರ್ಯಾಂಗವೂ ನೀನೇ. ಕಾನೂನು ಮಾಡೋದೂ ನೀನು, ಜಾರಿ ಮಾಡೋದೂ ನೀನು. ನ್ಯಾಯಾಂಗ ಅಂತ ಒಂದು ನನಗೆ ಉಳಿದಿದೆ. ಅದನ್ನಾದ್ರೂ ನಡೆಸೋಕೆ ಬಿಡು ಮಹಾರಾಯ್ತಿ."

ಅಮ್ಮ ಹಾಳೆ ಬಿಡಿಸಿದಳು. ಕಣ್ಣಲ್ಲೇ ನಾಲ್ಕು ಸಾಲು ಓದಿಕೊಂಡು, ಒಮ್ಮೆ ಮಗಳ ಮುಖ ನೋಡಿ, ಗಂಟಲು ಸರಿಮಾಡಿಕೊಂಡಳು. "ಪೂಜ್ಯ ತಂದೆಯವರಲ್ಲಿ ಬೇಡಿಕೊಳ್ಳುವುದೇನೆಂದರೆ, ಆ ಊರಿಗೆ ಹೋಗಲು ನನಗೆ ಮನಸ್ಸಿಲ್ಲ. ಈ ವರ್ಷ ಮನೆಯಲ್ಲೇ ಇರುತ್ತೇನೆ. ಇಂತಿ ನಿಮ್ಮ ಮಗಳು."

ಮಗಳು ಗರಬಡಿದವಳಂತೆ ನಿಂತಳು. 'ಹೋಗಲು ಅಪ್ಪಣೆ ಕೊಡಬೇಕು' ಎಂದು ಅಡಿಗೆರೆ ಎಳೆದು ಬರೆದಿದ್ದಳು ಅವಳು. ಅಮ್ಮ ಈಗ ಇವಳತ್ತ ನೋಡುತ್ತಿರಲಿಲ್ಲ. ಯಾರೋ ಕಿತ್ತುಕೊಳ್ಳುವರೆಂಬಂತೆ ಹಾಳೆಯನ್ನು ಎದೆಗೆ ಅವುಚಿ ಹಿಡಿದಿದ್ದಳು. ಸಿಟ್ಟು ಬರಬೇಕಾದಲ್ಲಿ ಮಗಳ ಕರುಳು ಚುರುಕ್ಕೆಂದಿತು. ಸುಮ್ಮನಿದ್ದುಬಿಟ್ಟರೆ ಅಮ್ಮನ ಮಾನವಾದರೂ ಉಳಿದೀತು ಎನ್ನಿಸಿತು. ಸುಮ್ಮನಿರುವುದು ಅವಳಿಗೆ ಕಷ್ಟದ ಕೆಲಸವೂ ಅಲ್ಲ.

"ಮುಗೀತಾ?" ಎಂದರು ಅಪ್ಪ.

"ಮುಗೀತು."

"ಹಾಳೆ ತಿರುಗಿಸಿದ ಸದ್ದೇ ಬರ್ಲಿಲ್ಲವಲ್ಲೇ! ನನ್ನ ಮಗಳು ಒಂದು ಪುಟಕ್ಕೆ ಅರ್ಜಿ ಮುಗಿಸಿದವಳೇ ಅಲ್ಲ. ಚಪ್ಪಲಿ ಕೇಳಿದಾಗ್ಲೂ ಎರಡು ಪುಟ ಬರೆದಿದ್ಳು."



"ಮಗಳೇ, ಅಮ್ಮ ಓದಿದ್ದು ಸರಿಯಾ?"

ಅವಳು ಅಲ್ಲವೆಂದು ತಲೆಯಾಡಿಸಿದಳು. ಇಷ್ಟು ವರ್ಷ ಈ ಮನೆಯಲ್ಲಿ ಅಷ್ಟೇ ಸಾಕಾಗುತ್ತಿತ್ತು. ಅಪ್ಪನ ಮುಖ ಮಾತ್ರ ಅವಳು ನಿಂತಲ್ಲಿಂದ ಒಂದು ಮೊಳ ಆಚೆಗೆ ತಿರುಗಿಕೊಂಡು ಕಾಯುತ್ತಲೇ ಇತ್ತು.

"ಇದ್ದೀಯೇನಮ್ಮ ಇಲ್ಲೇ?"

ಮಗಳು ಅಮ್ಮನ ಕೈಯನ್ನು, ಅದರೊಳಗಿನ ಹಾಳೆಯ ಸಮೇತ, ತನ್ನೆರಡು ಕೈಗಳಲ್ಲಿ ಹಿಡಿದುಕೊಂಡಳು.

"ಇದ್ದೀನಪ್ಪ. ನಂಗೆ ಭಯ ಆಗ್ತಿದೆ, ಅಮ್ಮನಿಗಿಂತ ಜಾಸ್ತಿ ಭಯ. ಆದ್ರೂ ನಾನು ಹೋಗ್ಬೇಕು."